ಐದು ವರ್ಷದ ಕನ್ನಡ

ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆಯೇ ಆ ಮನೆಯಲ್ಲಿ ಊಟ. ಲಾಯಿಲದ ರಸ್ತೆಬದಿಯಲ್ಲಿ ದಯಾನಂದನ ಚಿಕ್ಕ ಹೋಟೆಲು, ಅದರ ಬೆನ್ನಿಗೇ ಅಂಟಿಕೊಂಡಂತೆ ಅವರ ಮನೆ. ಆ ದಿನ ವಿಸ್ಮಿತಾ ಗಂಡನ ಬಟ್ಟಲಿಗೆ ಬಸಳೆ ಪದಾರ್ಥ ಬಡಿಸುತ್ತಿದ್ದಾಗ ಅವನು ತಲೆ ಎತ್ತದೆ ಹೇಳಿದ:

“ನನ್ನ ದೋಸ್ತಿ ರೋಹಿತ ಮತ್ತೆ ಫೋನು ಮಾಡಿದ್ದ. ಬಹರೈನಿನ ಅವನ ಹೋಟೆಲಿನಲ್ಲಿ ಅಡುಗೆಯ ಉಸ್ತುವಾರಿಗೆ ಜನ ಬೇಕಂತೆ. ಹೋಗುವುದು ಒಳ್ಳೆಯದು ಅಂತ ಕಾಣ್ತದೆ. ತಿಂಗಳ ಕೊನೆಯ ಒಳಗೆ ಉತ್ತರ ಹೇಳಬೇಕು.”

ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿತ್ತು. ವಿಸ್ಮಿತಾಳ ಸೌಟು ಬಟ್ಟಲಿನ ಮೇಲೆ ಹಾಗೆಯೇ ನಿಂತಿತು. ಮೊದಲು ಅವಳಿಗೆ ಅನಿಸಿದ್ದು ಹಗುರ... ಹೌದು, ಹೆಗಲ ಮೇಲಿನ ಹೊರೆಯಲ್ಲಿ ಒಂದನ್ನು ಯಾರೋ ತಾವಾಗಿಯೇ ಇಳಿಸಿಕೊಂಡ ಹಾಗೆ. ಮರುಕ್ಷಣವೇ ಆ ಹಗುರಕ್ಕೆ ಅವಳು ಹೆದರಿದಳು. ಕಟ್ಟಿಕೊಂಡ ಗಂಡ ಸಮುದ್ರ ದಾಟಿ ಹೋಗುತ್ತೇನೆಂದರೆ ಹೀಗನಿಸುವುದುಂಟೇ? ಹಾಗಾದರೆ ತಾನು ಎಂಥ ಹೆಂಗಸು?

“ಆಯಿತು. ನೀವು ಯೋಚನೆ ಮಾಡಿ ತೀರ್ಮಾನ ಮಾಡಿ,” ಎಂದಳು.

ಹೊಸ್ತಿಲ ಬಳಿ ಎಲೆಯಡಿಕೆ ಹಾಕುತ್ತಿದ್ದ ಅತ್ತೆ ಸೇಸಮ್ಮ ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ, “ಹೋಗಲಿ,” ಎಂದರು. ಸ್ವಲ್ಪ ತಡೆದು, “ಒಳ್ಳೆಯದು,” ಎಂದು ಸೇರಿಸಿದರು.

ಎರಡೇ ಮಾತು. ಆ ಮನೆಯಲ್ಲಿ ಸೇಸಮ್ಮನ ಬಾಯಿಂದ ಬರುತ್ತಿದ್ದದ್ದೇ ಅಷ್ಟು. ‘ಊಟ ಆಗಲಿ’, ‘ಬಾಗಿಲು ಹಾಕು’, ‘ಮಗುವನ್ನು ನೋಡು’. ಒಂದೊಂದೂ ಅಪ್ಪಣೆ, ಒಂದೊಂದೂ ಸೊಸೆಯ ಬೆನ್ನಿಗೆ ಬಿದ್ದ ಬರೆ. ಮದುವೆಯಾಗಿ ಬಂದ ಹೊಸತರಲ್ಲಿ ನಗುನಗುತ್ತಾ ಸೊಸೆಯ ತಲೆ ಬಾಚುತ್ತಿದ್ದ ಹೆಂಗಸು, ಮೊಮ್ಮಗಳು ಮೋಕ್ಷಿತಾ ಹೀಗೆಂದು ಗೊತ್ತಾದ ಮೇಲೆ ಕಲ್ಲಾಗಿಬಿಟ್ಟರೆಂದೇ ವಿಸ್ಮಿತಾ ತಿಳಿದುಕೊಂಡಿದ್ದಳು. ಈಗ ಮಗನನ್ನೂ ಕಳಿಸುತ್ತಿದ್ದಾರೆ. ತನ್ನನ್ನೂ ತನ್ನ ಮಗುವನ್ನೂ ಈ ಹಿಂಬದಿಯ ಮನೆಯಲ್ಲಿ ಬಿಟ್ಟು ಅವನಾದರೂ ಸುಖವಾಗಿರಲಿ ಎಂದಿರಬೇಕು...

ಇಷ್ಟೆಲ್ಲ ಆಗುವಾಗಲೂ ಮೋಕ್ಷಿತಾ ತಾಯಿಯ ಬೆನ್ನ ಹಿಂದೆಯೇ ಇದ್ದಳು. ಎಂಟು ತುಂಬುತ್ತಿದ್ದ ಹುಡುಗಿ. ಎರಡೂ ಕೈಗಳಿಂದ ತಾಯಿಯ ಕುತ್ತಿಗೆಯನ್ನು ಬಳಸಿ, ಗಲ್ಲವನ್ನು ಅವಳ ಹೆಗಲ ಮೂಳೆಗೆ ಗಟ್ಟಿಯಾಗಿ ಒತ್ತಿಕೊಂಡು ನಿಂತರೆ ಅವಳಿಗೆ ಜಗತ್ತು ಒಂದು ಹದಕ್ಕೆ ಬರುತ್ತಿತ್ತು. ಕುಕ್ಕರಿನ ಸೀಟಿ, ಲಾರಿಯ ಹಾರ್ನು, ಹೋಟೆಲಿನಲ್ಲಿ ಬಿದ್ದ ಲೋಟದ ಸದ್ದು, ಯಾವುದಕ್ಕಾದರೂ ಮೈ ನಡುಗಿದರೆ ಓಡಿ ಬಂದು ತಾಯಿಗೆ ಒತ್ತಿಕೊಳ್ಳುವುದು. ಮಲಗುವಾಗ ಎರಡೂ ಕಾಲು ತಾಯಿಯ ಹೊಟ್ಟೆಯ ಮೇಲೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಈ ಒತ್ತಡ ಬೇಕಾಗುತ್ತದೆ, ಅದು ಹಟವಲ್ಲ ಎಂದು ಮೂಡುಬಿದಿರೆಯ ಕೇಂದ್ರದವರು ತಿಳಿಸಿ ಹೇಳಿದ್ದರು. ವಿಸ್ಮಿತಾ ಒಪ್ಪಿದ್ದಳು. ಕುಳಿತುಕೊಳ್ಳಲು ಮಣೆ ಕೊಡುವ ಹಾಗೆ ಮೈ ಕೊಟ್ಟುಬಿಟ್ಟಿದ್ದಳು. ಸಂಜೆಯಾಗುವಾಗ ಹೆಗಲು ನೀಲಿಗಟ್ಟಿರುತ್ತಿತ್ತು. ಆ ಹೊತ್ತಿಗೆ ತನ್ನ ಸೆರಗೇ ತನಗೆ ತಾಗಿದರೂ ಸಿಟ್ಟು ಬರುತ್ತಿತ್ತು.

ಒಂದು ದಿನ ದಯಾನಂದ, ಗ್ರೈಂಡರು ಬೆಳಗಾಗುವ ಮೊದಲೇ ಹಾಕಬೇಕು, ನಿಮ್ಮಿಬ್ಬರ ನಿದ್ದೆ ಹಾಳು ಎಂದು ಹೇಳಿ ಹೋಟೆಲಿನ ಹಿಂದಿನ ಕೋಣೆಗೆ ಚಾಪೆ ಒಯ್ದ. ಅವಳು ಬೇಡ ಎನ್ನಲಿಲ್ಲ. ಅವಳು ಬೇಡ ಎನ್ನಲಿಲ್ಲವಲ್ಲ ಎಂದು ಅವನು ಅಲ್ಲಿಯೇ ಉಳಿದ. ಅವನು ತಿರುಗಿ ಬರಲಿಲ್ಲವಲ್ಲ ಎಂದು ಅವಳೂ ಕೇಳಲಿಲ್ಲ.

ಇನ್ನೊಂದು ಸಂಗತಿಯಿತ್ತು. ಅದನ್ನು ಮಾತ್ರ ಆ ಮನೆಯಲ್ಲಿ ಯಾರೂ ದೊಡ್ಡದೆಂದು ಎಣಿಸಿರಲಿಲ್ಲ. ಮೂರು ತುಂಬಿದರೂ ಮೋಕ್ಷಿತಾಳಿಗೆ ಮಾತು ಬಾರದಿದ್ದಾಗ ಪೇಟೆಯ ಡಾಕ್ಟರರೊಬ್ಬರು, ಮನೆಯಲ್ಲಿ ಎರಡು ಮೂರು ಭಾಷೆ ಬೆರೆಸಿದರೆ ಮಗುವಿಗೆ ಗೊಂದಲವಾದೀತು, ಯಾವುದಾದರೂ ಒಂದನ್ನು ಹಿಡಿಯಿರಿ ಎಂದಿದ್ದರು. ಬಸ್ಸಿನಲ್ಲಿ ಬರುವಾಗಲೇ ಗಂಡ ಹೆಂಡತಿ ಕೂಡಿ ತೀರ್ಮಾನ ಮಾಡಿದ್ದರು. ಅಂಗನವಾಡಿ ಕನ್ನಡ, ಶಾಲೆ ಕನ್ನಡ, ಥೆರಪಿ ಕನ್ನಡ. ಅಂದಮೇಲೆ ಮನೆಯೂ ಕನ್ನಡವೇ ಆಗಲಿ. ಆ ಸಂಜೆಯಿಂದ ತುಳು ಹೊಸ್ತಿಲ ಹೊರಗೆ ನಿಂತಿತು. ಹೋಟೆಲಿನಲ್ಲಿ ಗಿರಾಕಿಗಳೊಡನೆ ತುಳುವಿನಲ್ಲಿ ಗುಲ್ಲೆಬ್ಬಿಸುತ್ತಿದ್ದ ದಯಾನಂದ ಹಿಂಬಾಗಿಲು ದಾಟಿದೊಡನೆ ಕನ್ನಡದ ಮೇಷ್ಟ್ರಾಗುತ್ತಿದ್ದ. ಮಗುವಿನ ಒಳ್ಳೆಯದಕ್ಕೆ ಚಿನ್ನ ಮಾರುವವರಿದ್ದಾರೆ. ಒಂದು ಭಾಷೆ ಬಿಡುವುದೇನು ಮಹಾ?

*

ಗುರುವಾರ ಮೋಕ್ಷಿತಾಳ ಥೆರಪಿ. ಬೆಳ್ತಂಗಡಿಯಿಂದ ವೇಣೂರಿನ ಮೇಲಾಗಿ ಮೂಡುಬಿದಿರೆಗೆ ಬಸ್ಸು, ಅಲ್ಲಿಂದ ಪುತ್ತಿಗೆಯ ಕಡೆಗೆ ರಿಕ್ಷಾ. ಮಕ್ಕಳು ಒಳಗಿರುವಾಗ ತಾಯಂದಿರು ಹೊರಗೆ ಬೆಂಚಿನ ಮೇಲೆ ಕುಳಿತು ತೂಕಡಿಸುವುದು ವಾಡಿಕೆ. ಈಚೆಗೆ ಝೈನಬ್ ಎಂಬ ಹೊಸ ಆಪ್ತಸಲಹೆಗಾರ್ತಿ ಬಂದು ಆ ತೂಕಡಿಕೆಗೆ ಕಲ್ಲು ಹಾಕಿದ್ದಳು. ತಾಯಂದಿರನ್ನು ಒಂದು ಕೋಣೆಯಲ್ಲಿ ಕೂರಿಸಿ, ಚಾ ತರಿಸಿ, ಬಾಗಿಲು ಹಾಕಿ ಕೇಳಿದಳು:

“ಇವತ್ತು ಮಕ್ಕಳ ವಿಷಯ ಬೇಡ. ನೀವು ಮತ್ತು ನಿಮ್ಮ ಯಜಮಾನರು ಹೇಗಿದ್ದೀರಿ? ಕೊನೆಯ ಸಲ ಯಾವಾಗ ಹತ್ತಿರ ಕೂತದ್ದು?”

ಹೆಂಗಸರು ಚಾದ ಲೋಟದೊಳಗೆ ನೋಡತೊಡಗಿದರು. ಯಾರೋ ಕಿಸಕ್ಕೆಂದರು.

“ಅದೆಲ್ಲ ಎಂಥ ಮೇಡಂ, ಈ ಪ್ರಾಯದಲ್ಲಿ.”

“ಎಂಥ ಪ್ರಾಯ? ನಿಮಗೆ ಮೂವತ್ತೈದು ಆಗಲಿಲ್ಲ.”

ಮೆಲ್ಕಾರಿನಿಂದ ಬರುತ್ತಿದ್ದ ಕಾಂತಿ ಮಾತ್ರ ಹಿಂದೆಮುಂದೆ ನೋಡುವವಳಲ್ಲ. “ನಮ್ಮ ಮಂಚದಲ್ಲಿ ಮೂರು ಜನ ಮೇಡಂ. ನಡುವಿನಲ್ಲಿ ಮಗ ಶಿಶಿರ್, ಅವನಿಗೆ ಇಡೀ ರಾಜ್ಯ. ನಾವಿಬ್ಬರು ಆ ಬದಿ ಈ ಬದಿ ಗಡಿ ಕಾಯುವವರು. ನಿದ್ದೆಯಲ್ಲಿ ಇವರು ಬಿದ್ದರೆ ಸದ್ದು ಕೇಳ್ತದೆ, ಹಾಗೆ ಇದ್ದಾರೆ ಅಂತ ಗೊತ್ತಾಗ್ತದೆ.”

ಎಲ್ಲರೂ ನಕ್ಕರು. ವಿಸ್ಮಿತಾ ಕೂಡ ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ತುಂಬಿ, ಅದು ನಗುವಿನದೋ ಬೇರೆಯದೋ ಅವಳಿಗೇ ತಿಳಿಯದೆ ಲೋಟ ಕೆಳಗಿಟ್ಟಳು.

ಉಳಿದವರು ಎದ್ದು ಹೋದ ಮೇಲೆ ಝೈನಬ್ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಮುಟ್ಟಲಿಲ್ಲ. ವಿಸ್ಮಿತಾಳಿಗೆ ಅದೇ ದೊಡ್ಡ ಉಪಕಾರವೆನಿಸಿತು.

“ಇವರು ಬಹರೈನಿಗೆ ಹೋಗ್ತಾರಂತೆ ಮೇಡಂ.”

“ನಿಮಗೆ ಬೇಜಾರಾ?”

“ಅದೇ ಗೊತ್ತಾಗುವುದಿಲ್ಲ. ಅವರು ಹತ್ತಿರ ಬಂದ್ರೆ ದೂರ ಹೋಗಲಿ ಅನಿಸ್ತದೆ. ಬೆಳಗಿನಿಂದ ಸಂಜೆಯವರೆಗೆ ಒಂದು ಜೀವ ನನ್ನ ಮೈಮೇಲೆಯೇ ಇರ್ತದೆ. ಆಮೇಲೆ ಇನ್ನೊಬ್ಬರ ಕೈ ಅಂದ್ರೆ... ಅದು ಎಷ್ಟು ಪ್ರೀತಿಯದ್ದಾದರೂ ನನಗೆ ಅದು ಇನ್ನೊಂದು ಕೆಲಸ. ದೂರ ಹೋಗ್ತೇನೆ ಅಂದ್ರೆ ಮಾತ್ರ ಇಲ್ಲಿ ಏನೋ ಕಿತ್ತ ಹಾಗೆ ಆಗ್ತದೆ. ಅವರು ಹೋಗ್ತಾರೆ ಅಂತಲಾ, ಒಬ್ಬಳೇ ಆಗ್ತೇನೆ ಅಂತಲಾ? ನನಗೆ ಅವರು ಬೇಕಾ, ಸಹಾಯಕ್ಕೆ ಒಂದು ಜನ ಬೇಕಾ? ನೀವೇ ಹೇಳಿ.”

“ನಾನು ಹೇಗೆ ಹೇಳುವುದು? ಮುಂದಿನ ಗುರುವಾರ ಅವರನ್ನೂ ಕರ್ಕೊಂಡು ಬನ್ನಿ.”

“ಬರಲಿಕ್ಕಿಲ್ಲ.”

“ಕೇಳಿ ನೋಡಿದ್ರಾ?”

ವಿಸ್ಮಿತಾ ಕೇಳಿ ನೋಡಿರಲಿಲ್ಲ.

*

ಕೇಳಿದಾಗ ದಯಾನಂದ ಹೂಂ ಎಂದ. ಅದೂ ಅವಳಿಗೆ ಗೊಂದಲವೇ. ಹೋಟೆಲನ್ನು ಕೆಲಸದ ಜತ್ತಪ್ಪನ ಮೇಲೆ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ಮಗುವನ್ನು ಹಿಡಿಯಲು ಸೇಸಮ್ಮನೂ ಹೊರಟರು. ಮೋಕ್ಷಿತಾಳ ಪಾಠ ಬೇಗ ಮುಗಿದದ್ದರಿಂದ ಅಜ್ಜಿ ಮೊಮ್ಮಗಳು ಹೊರಗಿನ ಬೆಂಚಿನಲ್ಲಿ ಉಳಿದರು. ಗಂಡ ಹೆಂಡತಿ ಒಳಗೆ ಹೋಗಿ, ಮದುವೆ ನೋಂದಣಿಗೆ ಬಂದವರ ಹಾಗೆ ಸೆಟೆದು ಕುಳಿತರು.

“ನೀವಿಬ್ಬರೂ ಸ್ವಲ್ಪ ಹೊತ್ತು ಮಾತಾಡಿ. ಮಗುವಿನ ವಿಷಯ ಬಿಟ್ಟು,” ಎಂದಳು ಝೈನಬ್.

ಗೋಡೆಯ ಫ್ಯಾನು ತಿರುಗಿತು. ದಯಾನಂದ ಗಂಟಲು ಸರಿಮಾಡಿಕೊಂಡ.

“ಗ್ಯಾಸ್ ಬಂದಿದೆಯಾ?”

“ಬಂದಿದೆ. ಎರಡು ಸಿಲಿಂಡರ್.”

“ಒಳ್ಳೆಯದಾಯಿತು.”

ಅಲ್ಲಿಗೆ ಮುಗಿಯಿತು. ವಿಸ್ಮಿತಾ ತಲೆಯೊಳಗೆಲ್ಲ ತಡಕಾಡಿದಳು. ಮೋಕ್ಷಿತಾಳನ್ನು ತೆಗೆದಿಟ್ಟರೆ ಈ ಮನುಷ್ಯನೊಡನೆ ಆಡಲು ತನ್ನಲ್ಲಿ ಒಂದು ಮಾತೂ ಇಲ್ಲ! ಖಾಲಿ ಡಬ್ಬಿಯೊಳಗೆ ಕೈ ಹಾಕಿದಂತಾಗಿ ಅವಳಿಗೆ ಭಯವಾಯಿತು. ಝೈನಬ್ ಕೂಡ ಸ್ವಲ್ಪ ಗಲಿಬಿಲಿಗೊಂಡಿರಬೇಕು. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಆಮೇಲೆ ದಯಾನಂದನ ಕಡೆ ತಿರುಗಿ ಕೇಳಿದಳು:

“ಮದುವೆ ನಿಶ್ಚಯ ಆದ ಮೇಲೆ ಫೋನಿನಲ್ಲಿ ಮಾತಾಡ್ತಿದ್ರಿ ಅಲ್ವಾ? ಆಗ ಇವರನ್ನು ಏನಂತ ಕರೀತಿದ್ರಿ?”

ದಯಾನಂದನ ಕಿವಿ ಕೆಂಪಾಯಿತು. “ಅದು... ಇರುವೆ ಅಂತ.”

“ಇರುವೆ?”

“ಹಾಗಲ್ಲ ಮೇಡಂ. ಮೊದಲ ಸಲ ಇವರ ಮನೆಗೆ ಹೋದಾಗ ನಾನು ತಗೊಂಡು ಹೋದ ಲಡ್ಡಿನ ಕಟ್ಟನ್ನು ಇವಳೇ ಮೊದಲು ಬಿಚ್ಚಿ... ಅದು ಕನ್ನಡದಲ್ಲಿ ಹೇಳಿದ್ರೆ ಅದಲ್ಲ.”

“ಹಾಗಾದ್ರೆ ಯಾವುದೋ ಅದನ್ನೇ ಹೇಳಿ.”

ಅವನು ಬಾಯಿ ತೆರೆದ. ತೆರೆದವನು ಬಾಗಿಲ ಕಡೆ ನೋಡಿ, ಸ್ವರ ತಗ್ಗಿಸಿ, “ಮಗು ಹೊರಗೆ ಉಂಟು,” ಎಂದ.

“ಮಗು ಉಂಟಾದ್ರೆ ಎಂಥ?”

ದಯಾನಂದ ಡಾಕ್ಟರರ ಮಾತು, ಬಸ್ಸಿನ ತೀರ್ಮಾನ ಎಲ್ಲವನ್ನೂ ಹೇಳಿದ. ಝೈನಬ್ ಕೇಳುತ್ತಾ ಕೇಳುತ್ತಾ ಪೆನ್ನು ಕೆಳಗಿಟ್ಟಳು.

“ಸರಿ, ಮಗುವಿನ ಎದುರು ಕನ್ನಡ. ನೀವಿಬ್ಬರೇ ಇರುವಾಗ?”

“ನಾವಿಬ್ಬರೇ ಇರುವುದು ಯಾವಾಗ ಮೇಡಂ?” ಎಂದಳು ವಿಸ್ಮಿತಾ.

ಝೈನಬ್ ಮೆಲ್ಲಗೆ ಹೇಳಿದಳು: “ಆಗ ಆ ಡಾಕ್ಟರರು ಹಾಗೆ ಹೇಳಿರಬಹುದು. ಈಗ ನಾವು ಹಾಗೆ ಹೇಳುವುದಿಲ್ಲ. ಮನೆಯವರ ಬಾಯಿಗೆ ಯಾವುದು ಸಲೀಸಾಗಿ ಬರ್ತದೋ ಅದನ್ನೇ ಆಡಬಹುದು. ಅದರಿಂದ ಮಗುವಿಗೆ ತೊಂದರೆ ಇಲ್ಲ. ನಮ್ಮ ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಇಲ್ಲಿ ಕನ್ನಡ. ನಾನು ಬೆಳೆದದ್ದು ಹಾಗೆಯೇ.”

ವಿಸ್ಮಿತಾಳಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಸಿಟ್ಟು ಬಂತು. “ಹಾಗಾದ್ರೆ ಐದು ವರ್ಷ ನಾವು ಮಾಡಿದ್ದು ಎಂಥದು? ಕನಸಿನಲ್ಲಿ ಕೂಡ ಕನ್ನಡ ಮಾತಾಡಿದ್ದೇನೆ ಮೇಡಂ. ಅವಳಿಗೆ ಪೆಟ್ಟಾದಾಗ ಬಾಯಿಗೆ ಬಂದ ಮಾತನ್ನು ನುಂಗಿ, ಕನ್ನಡ ಹುಡುಕಿ, ಆಮೇಲೆ ಅಳು ಸಮಾಧಾನ ಮಾಡಿದ್ದೇನೆ. ಈಗ ನೀವು ಅದೇನೂ ಬೇಕಿರಲಿಲ್ಲ ಅಂತೀರಿ. ನಾಳೆ ಇನ್ನೊಬ್ಬರು ಬಂದು ನೀವು ಹೇಳಿದ್ದು ತಪ್ಪು ಅಂದ್ರೆ? ನಾವು ಯಾರನ್ನು ನಂಬುವುದು...”

ದಯಾನಂದನ ಕೈ ಅವಳ ಕಡೆ ಬರಲು ಹೊರಟು, ನಡುವೆಯೇ ನಿಂತು, ತನ್ನ ಮೊಣಕಾಲಿಗೇ ಮರಳಿತು. ಅದನ್ನು ಅವಳು ನೋಡಿದಳು. ಆ ಕೈ ಬರಲಿಲ್ಲವಲ್ಲ ಎಂದು ನೋವೂ ಆಯಿತು, ಬರಲಿಲ್ಲ ಸದ್ಯ ಎಂದು ನೆಮ್ಮದಿಯೂ ಆಯಿತು.

ಆಗಲೇ ಬಾಗಿಲಾಚೆಯಿಂದ ಒಂದು ಸ್ವರ ಕೇಳಿಸಿತು. ಯಾರೋ ತುಳುವಿನಲ್ಲಿ ಮಾತಾಡುತ್ತಿದ್ದರು, ತಗ್ಗಿದ ದನಿಯಲ್ಲಿ, ನಿಲ್ಲದೆ. ಹೊಳೆಬದಿಯ ಗದ್ದೆಯ ಕತೆ, ಕರು ಹಾಕಿದ ಎಮ್ಮೆಯ ಕತೆ, ಮಾವ ಸಂತೆಯಿಂದ ಬಳೆ ತಂದ ಕತೆ. ದಯಾನಂದ ಎದ್ದು ಬಾಗಿಲು ತೆರೆದ.

ಬೆಂಚಿನ ಮೇಲೆ ಮೋಕ್ಷಿತಾ ಅಜ್ಜಿಯ ತೊಡೆಯಲ್ಲಿ ತಲೆಯಿಟ್ಟು ಮಲಗಿದ್ದಳು. ಸೇಸಮ್ಮ ಎರಡೂ ಅಂಗೈಗಳಿಂದ ಅವಳ ಬೆನ್ನನ್ನು ದೋಸೆಹಿಟ್ಟಿನ ಪಾತ್ರೆಗೆ ಮುಚ್ಚಳ ಒತ್ತುವ ಹಾಗೆ ಒತ್ತಿ ಹಿಡಿದು, ಕತೆ ಹೇಳುತ್ತಿದ್ದರು. ಮಗನನ್ನೂ ಸೊಸೆಯನ್ನೂ ನೋಡಿದೊಡನೆ ಕದ್ದು ಸಿಕ್ಕಿಬಿದ್ದವರಂತೆ ಬೆಚ್ಚಿದರು. ಕೈ ಹಿಂದೆಗೆದುಕೊಂಡು, “ಇಲ್ಲ... ಕನ್ನಡ. ಕನ್ನಡವೇ ಹೇಳಿದ್ದು,” ಎಂದರು.

ಎಪ್ಪತ್ತರ ಹತ್ತಿರದ ಹೆಂಗಸು, ಟೀಚರ ಮುಂದೆ ನಿಂತ ಮಗುವಿನ ಹಾಗೆ.

ವಿಸ್ಮಿತಾಳಿಗೆ ಆಗ ಹೊಳೆಯಿತು. ಸೇಸಮ್ಮ ಕಲಿತದ್ದು ಎರಡನೇ ಕ್ಲಾಸು. ಕನ್ನಡವೆಂದರೆ ಅವರಿಗೆ ಬಸ್ಸಿನ ಬೋರ್ಡು, ರೇಷನ್ ಅಂಗಡಿ, ಪಂಚಾಯತಿನ ಮೆಟ್ಟಿಲು. ಅಷ್ಟು ಮಾತಿನಲ್ಲಿ ಒಬ್ಬರು ಐದು ವರ್ಷ ಸಂಸಾರ ಮಾಡುವುದು ಹೇಗೆ? ಅಪ್ಪಣೆ ಮಾತ್ರ ಉಳಿದದ್ದು ಮನಸ್ಸು ಕಲ್ಲಾಗಿ ಅಲ್ಲ...

“ಮಾಮೀ,” ಎಂದಳು ವಿಸ್ಮಿತಾ. ಅತ್ತೆಯನ್ನು ತುಳುವಿನಲ್ಲಿ ಹಾಗೆಯೇ ಕರೆಯುವುದು. ಆ ಕರೆಯನ್ನೂ ಬಿಟ್ಟು ಐದು ವರ್ಷವಾಗಿತ್ತು. ಸೇಸಮ್ಮನ ಕಣ್ಣು ತುಂಬಿತು. ತುಂಬಿದ ಮೇಲೆ ಬಾಯಿ ತೆರೆಯಿತು. ತುಳುವಿನಲ್ಲಿ, ಕಟ್ಟೆಯೊಡೆದ ಹಾಗೆ.

“ನಾನು ಹೋಗಲಿ ಅಂದದ್ದು ನಿನ್ನನ್ನು ಬಿಟ್ಟು ಹೋಗಲಿ ಅಂತ ಅಲ್ಲ ಮಗಾ. ಒಂದೇ ಒಲೆಯ ಅನ್ನ ಉಂಡು ನೀವಿಬ್ಬರೂ ಸೊಸೈಟಿಯ ಗುಮಾಸ್ತರ ಹಾಗೆ ಮಾತಾಡ್ತೀರಿ. ಇವನ ನಗುವನ್ನು ನಾನು ಕೇಳುವುದು ಹೋಟೆಲಿನ ಗೋಡೆಯ ಈಚೆಯಿಂದ. ನಿನ್ನದು ಕೇಳಿ ಎಷ್ಟು ಕಾಲ ಆಯಿತು ಅಂತ ನನಗೇ ನೆನಪಿಲ್ಲ. ಹೇಗೂ ಇಲ್ಲಿ ಬೆಂಕಿ ಆರಿದೆ, ಅಲ್ಲಿ ಹೋದ್ರೆ ನಾಲ್ಕು ಜನ ನಮ್ಮವರಾದರೂ ಸಿಗ್ತಾರೆ, ಬಾಯಿ ಬಿಟ್ಟು ಮಾತಾಡಿಯಾನು ಅಂತ ಹೇಳಿದ್ದು. ಇಷ್ಟು ಉದ್ದ ಹೇಳ್ಲಿಕ್ಕೆ ನನಗೆ ಕನ್ನಡ ಬರಬೇಕಲ್ಲ? ಬಂದದ್ದು ಎರಡೇ ಮಾತು. ಹೇಳಿಬಿಟ್ಟೆ.”

ದಯಾನಂದ ಗೋಡೆಯ ಕಡೆ ತಿರುಗಿ ನಿಂತ. ಮೋಕ್ಷಿತಾ ಮಾತ್ರ ತನ್ನ ಬೆನ್ನಿನ ಮೇಲಿಂದ ಹೋದ ಅಜ್ಜಿಯ ಕೈಯನ್ನು ಹುಡುಕಿ ಹಿಡಿದು, ಎಳೆದು ತಂದು, ಇದ್ದಲ್ಲಿಗೇ ಇಟ್ಟುಕೊಂಡಳು.

*

ಮನೆಗೆ ಬಂದೊಡನೆ ಎಲ್ಲ ಸರಿಯಾಯಿತೆಂದರೆ ಸುಳ್ಳಾದೀತು. ತುಳು ಅಷ್ಟು ಸುಲಭಕ್ಕೆ ಒಳಗೆ ಬರಲಿಲ್ಲ. ಮರುದಿನ ವಿಸ್ಮಿತಾ ಗಂಡನನ್ನು “ಒಣಸ್ ಆಂಡಾ?” ಎಂದು ಕೇಳಿದಳು. ಊಟ ಆಯಿತೇ ಎಂಬ ಅಷ್ಟೇ ಮಾತು. ದಿನಾ ಹೋಟೆಲಿನಲ್ಲಿ ನೂರು ಜನ ಕೇಳುವ ಮಾತು. ಆದರೆ ಅವಳಿಗೆ ನಡುಬೀದಿಯಲ್ಲಿ ಸೆರಗು ಜಾರಿದಷ್ಟು ನಾಚಿಕೆಯಾಗಿ ಒಳಗೆ ಓಡಿಬಿಟ್ಟಳು. ಅವನು ಕೈಯಲ್ಲಿದ್ದ ಸಟ್ಟುಗದೊಡನೆ ಎಷ್ಟೋ ಹೊತ್ತು ನಿಂತೇ ಇದ್ದ. ಕಾವಲಿಯ ಮೇಲಿನ ದೋಸೆ ಕರಟಿತು. “ಧಣಿಗಳಿಗೆ ಎಂಥದೋ ಹಿಡಿದಿದೆ,” ಎಂದ ಜತ್ತಪ್ಪ.

ಝೈನಬ್ ಹೇಳಿಕೊಟ್ಟದ್ದು ಹೆಚ್ಚೇನಲ್ಲ. ದಿನಕ್ಕೊಮ್ಮೆ ಪಕ್ಕ ಪಕ್ಕ ಕುಳಿತುಕೊಳ್ಳಿ. ಮುಟ್ಟಬೇಕೆಂದಿಲ್ಲ. ಮುಟ್ಟುವುದಾದರೆ ಮೊದಲು ಅವಳೇ ಮುಟ್ಟಲಿ. ಬೇಡ ಎಂದರೆ ಅದು ಕೈಗೆ ಹೇಳಿದ್ದು, ಮನುಷ್ಯನಿಗೆ ಹೇಳಿದ್ದಲ್ಲ ಎಂದು ಇಬ್ಬರೂ ತಿಳಿದುಕೊಳ್ಳಿ. ಹಾಗೆ ಮಧ್ಯಾಹ್ನ ಹೋಟೆಲು ಮುಚ್ಚಿದ ಮೇಲೆ, ಸಂಜೆಯ ಗೋಳಿಬಜೆಗೆ ಒಲೆ ಹಚ್ಚುವ ಮೊದಲು, ಇಬ್ಬರೂ ಹಿಂದಿನ ಜಗಲಿಯ ಬೆಂಚಿನಲ್ಲಿ ಕೂರತೊಡಗಿದರು. ನಡುವೆ ಒಬ್ಬರು ಕೂರುವಷ್ಟು ಜಾಗ. ಆ ಹೊತ್ತು ಮೋಕ್ಷಿತಾ ಸೇಸಮ್ಮನ ಪಾಲು. ಮುದುಕಿ ಚಾಪೆಯಲ್ಲಿ ಕಾಲು ಚಾಚಿ ಕುಳಿತು, ತನ್ನ ಭಾರದ ಕಾಲುಗಳನ್ನು ಮೊಮ್ಮಗಳ ಕಾಲಿನ ಮೇಲೆ ಹೇರಿ, ಎಮ್ಮೆಯ ಕತೆ ಶುರುಮಾಡುತ್ತಿದ್ದರು. ಒಮ್ಮೊಮ್ಮೆ ನಡೆಯುತ್ತಿತ್ತು. ಒಮ್ಮೊಮ್ಮೆ ಮೋಕ್ಷಿತಾ ಕಿರುಚಿ ಓಡಿ ಬಂದು ತಾಯಿಯ ಹೆಗಲಿಗೆ ಗಲ್ಲ ಒತ್ತುತ್ತಿದ್ದಳು; ಅಲ್ಲಿಗೆ ಆ ದಿನದ ಕೂಟ ಮುಗಿಯಿತು. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಅವಳು ಒಂದು ಮಾತೂ ಆಡಲಿಲ್ಲ.

ಆ ಬೆಂಚಿನಲ್ಲೇ ಒಂದು ಮಧ್ಯಾಹ್ನ ದಯಾನಂದ ಹೇಳಿದ: “ನಾನು ಚಾಪೆ ತಗೊಂಡು ಹೋದದ್ದು ಗ್ರೈಂಡರಿಗಾಗಿ ಅಲ್ಲ. ಒಂದು ದಿನ ನಾನು ಕೈಯಿಟ್ಟಾಗ ನೀನು ಬಿಸಿ ಪಾತ್ರೆ ತಾಗಿದ ಹಾಗೆ ಹಾರಿದ್ದಿ. ನನ್ನನ್ನು ಕಂಡ್ರೆ ಹೇಸಿಗೆ ಅಂತ ತಿಳ್ಕೊಂಡೆ.”

“ನೀವು ಹೋದ ಮೇಲೆ ನಾನೂ ಹಾಗೆಯೇ ತಿಳ್ಕೊಂಡೆ. ಬೆವರು, ಜೊಲ್ಲು ಅಂಟಿಕೊಂಡ ಹೆಂಗಸು ಯಾರಿಗೆ ಬೇಕು ಅಂತ.”

ಇಬ್ಬರೂ ಎದುರಿನ ತೆಂಗಿನ ಬುಡದಲ್ಲಿ ಜತ್ತಪ್ಪ ಗುಡ್ಡೆ ಹಾಕಿದ ಪಾತ್ರೆಗಳನ್ನು ನೋಡುತ್ತಾ ಕುಳಿತರು. ಮರುದಿನ ನಡುವಿನ ಜಾಗ ತುಸು ಕಡಿಮೆಯಾಗಿತ್ತು. ಯಾರು ಸರಿದದ್ದೋ ಅವಳಿಗೆ ತಿಳಿಯಲಿಲ್ಲ.

ತಿಂಗಳ ಕೊನೆ ಬಂತು. ರೋಹಿತನ ಫೋನು ಆ ದಿನವೇ ಬರುವುದಿತ್ತು. ದಯಾನಂದ ಮೊಬೈಲನ್ನು ಬೆಂಚಿನ ತುದಿಯಲ್ಲಿಟ್ಟು, ಅದು ಕಚ್ಚುವ ಪ್ರಾಣಿಯೋ ಎಂಬಂತೆ ನೋಡುತ್ತಾ ಕುಳಿತಿದ್ದ. ವಿಸ್ಮಿತಾ ಅವನ ಕೈ ನೋಡಿದಳು. ಎಣ್ಣೆ ಹಾರಿ ಸುಟ್ಟ ಕಲೆಗಳು. ಕೆಲವನ್ನು ಅವಳು ಬಲ್ಲಳು, ಕೆಲವು ಅವಳಿಗೆ ತಿಳಿಯದೆಯೇ ಆದವು. ತನಗೆ ಬೇಕಾದದ್ದು ಈ ಕೈಯೋ, ಆ ಹಳೆಯ ಮಾತೋ, ಇವನೂ ಹೋದರೆ ಎಂಬ ಹೆದರಿಕೆಯೋ? ಎಷ್ಟು ಬಗೆದರೂ ಒಂದರಿಂದ ಒಂದನ್ನು ಬಿಡಿಸಲಾಗಲಿಲ್ಲ. ಬಿಡಿಸುವುದನ್ನು ಬಿಟ್ಟು, ಕೈ ಚಾಚಿ ಆ ಕಲೆಗಳ ಮೇಲೆ ಇಟ್ಟಳು. ಚರ್ಮ ಒಮ್ಮೆ ಬೇಡವೆಂದಿತು. ಅವಳು ಕಾದಳು. ಆಮೇಲೆ ಸುಮ್ಮನಾಯಿತು.

“ಪೋವೊಡ್ಚಿ,” ಎಂದಳು. ಹೋಗುವುದು ಬೇಡ.

ದಯಾನಂದ ಅವಳ ಕಡೆ ತಿರುಗಿದ. “ದಾಯೆಗ್?”

ಯಾಕೆ? ಅವಳು ಎದೆಯೊಳಗೆಲ್ಲ ಹುಡುಕಿದಳು. ಒಳ್ಳೆಯ ಉತ್ತರಗಳು ಎಷ್ಟೋ ಇದ್ದವು, ಒಂದೂ ಇಡೀ ನಿಜವಾಗಿರಲಿಲ್ಲ.

“ಗೊತ್ತುಜ್ಜಿ,” ಎಂದಳು ಕೊನೆಗೆ. ಗೊತ್ತಿಲ್ಲ.

ದಯಾನಂದ ನಕ್ಕ. ಗೋಡೆಯಾಚೆ ಮಾತ್ರ ಕೇಳುತ್ತಿದ್ದ ಆ ನಗು, ಅರ್ಧದಲ್ಲೇ ಅಳುವಾಗಿ ತಿರುಗಿತು. “ಅಷ್ಟು ಸಾಕು. ಮಗುವಿಗೋಸ್ಕರ ಇರಿ ಅಂದಿದ್ರೆ ಹೋಗಿಬಿಡ್ತಿದ್ದೆ ಮಾರಾಯ್ತಿ,” ಎಂದವನು, ಬಾಗಿಲ ಕಡೆ ನೋಡದೆ, ಸ್ವರ ತಗ್ಗಿಸದೆ, “ಪಿಜಿನ್,” ಎಂದ. ಇರುವೆ.

ಮೊಬೈಲು ಬಡಿದುಕೊಂಡಿತು. ಅದೇ ಗಳಿಗೆಗೆ ಒಳಗೆ ಯಾವುದೋ ಪಾತ್ರೆ ಬಿದ್ದು, ಮೋಕ್ಷಿತಾ ಕಿರುಚಿದಳು. ವಿಸ್ಮಿತಾಳ ಮೈ ತಾನಾಗಿಯೇ ಎದ್ದು ನಿಂತಿತು. ಐದು ವರ್ಷ, ಆರು ವರ್ಷ ಎದ್ದು ಎದ್ದು ಅಭ್ಯಾಸವಾದ ಮೈ. ಒಂದು ಹೆಜ್ಜೆ ಇಟ್ಟಿರಲಿಲ್ಲ, ಒಳಗಿನಿಂದ ಸೇಸಮ್ಮನ ಗಟ್ಟಿ ಸ್ವರ ಬಂತು:

“ಅಲ್ಪನೇ ಕುಲ್ಲು ಮಗಾ. ಯಾನ್ ಉಲ್ಲೆ.”

ಅಲ್ಲೇ ಕುಳಿತುಕೋ, ನಾನಿದ್ದೇನೆ. ಅದೂ ಎರಡೇ ಮಾತು, ಅದೂ ಅಪ್ಪಣೆಯೇ. ವಿಸ್ಮಿತಾ ಒಮ್ಮೆ ಬಾಗಿಲನ್ನು ನೋಡಿದಳು, ಒಮ್ಮೆ ಬೆಂಚನ್ನು ನೋಡಿದಳು. ಮಗಳ ಕಿರುಚು ನಿಂತಿರಲಿಲ್ಲ. ಅವಳು ಮೆಲ್ಲಗೆ ಕುಳಿತಳು.